ಮೊಳೆಯಿಲ್ಲದ ಹಡಗು: ‘ಕೌಂಡಿನ್ಯ’ದ ರಚನೆಯೂ ಅದಕ್ಕೆ ಎದುರಾದ ತೊಡಕುಗಳೂ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯಿಂದ ಕೆಳಗೆ ಸಮತಟ್ಟಾಗಿ ಹರಿದು ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಈ ಮೂರು ತಾಲ್ಲೂಕುಗಳ ಜನರು ತಮ್ಮನ್ನು ಘಟ್ಟದ ಮೇಲಿನವರೆಂದು ಕರೆದುಕೊಳ್ಳುವುದು ವಾಡಿಕೆ. ಆದರೆ ನದಿಯು ಕಡಲಿಗೆ ಕಟ್ಟಿದ ನಂಟು ಚರಿತ್ರೆಯಲ್ಲಿಯೂ ಉದ್ದಕ್ಕೂ ಕಾಣಬರುತ್ತದೆ. ಸಾಗರ ತಾಲ್ಲೂಕಿನ ಕೆಳದಿ, ಇಕ್ಕೇರಿಗಳಿಂದಲೂ ಮುಂದೆ ಹೊಸನಗರ ತಾಲ್ಲೂಕಿನ ಬಿದನೂರು ನಗರದಿಂದಲೂ ಆಳಿದ ಕೆಳದಿಯ ನಾಯಕರಿಗೆ ಹೊನ್ನಾವರ, ಬಸರೂರು, ಮಂಗಳೂರುಗಳೇ ಹೊರಬಾಗಿಲುಗಳಾಗಿದ್ದವು. ಮಲೆನಾಡಿನ ಮೆಣಸು ಮತ್ತು ಕರಾವಳಿಯ ಅಕ್ಕಿ ಆ ಬಂದರುಗಳಿಂದ ಹಡಗೇರಿ ಅರಬರ ಮಸ್ಕತ್ತಿನವರೆಗೆ ಹೋಗುತ್ತಿದ್ದವು. 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಪೋರ್ಚುಗೀಸರ ರಾಯಭಾರದೊಡನೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯ ಮೇಲೆಯೇ ಬಂದು, ಅಲ್ಲಿಂದ ಘಟ್ಟವನ್ನು ಹತ್ತಿದನು.

ಇಂತಹ ನಂಟುಳ್ಳ ನಾಡಿನವರಿಗೆ ಒಂದು ಹಡಗಿನ ಕಥೆಯು ಹೊರಗಿನದೆಂದು ತೋರಬೇಕಾಗಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆಗೆ ಸೇರ್ಪಡೆಯಾದ ‘ಐಎನ್‌ಎಸ್‌ವಿ ಕೌಂಡಿನ್ಯ’ ಎಂಬ ಹಾಯಿಹಡಗು ಯುದ್ಧನೌಕೆಯಲ್ಲ, ಸರಕಿನ ಹಡಗೂ ಅಲ್ಲ. ದೂರದ ಸಮುದ್ರಯಾನಕ್ಕೆಂದೇ ಕಟ್ಟಿದ ನಾವೆ. ಇದರ ಹಲಗೆಗಳನ್ನು ಕೂಡಿಸಿರುವುದು ಮೊಳೆಯಲ್ಲ, ತೆಂಗಿನ ನಾರಿನ ಹಗ್ಗ. ಸುಮಾರು ಹದಿನೈದು ಶತಮಾನಗಳ ಹಿಂದಿನ ಹಡಗೊಂದನ್ನು ಚಿತ್ರವೊಂದರ ಆಧಾರದಿಂದ ಮತ್ತೆ ಕಟ್ಟಿ, ಅದರ ಮೇಲೆ ಮನುಷ್ಯರನ್ನು ಏರಿಸಿ ತೆರೆದ ಕಡಲಿಗೆ ಕಳುಹಿಸಬೇಕೆಂಬ ಸಂಕಲ್ಪವು ಹೇಗೆ ಕೈಗೂಡಿತು, ನಡುವೆ ಯಾವ ಯಾವ ತೊಡಕುಗಳು ಬಂದವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೊಲಿದ ಹಡಗು ಎಂದರೇನು?

ಹಡಗು ಕಟ್ಟುವುದರಲ್ಲಿ ಮುಖ್ಯವಾಗಿ ಎರಡು ಕ್ರಮಗಳುಂಟು. ಯುರೋಪಿನಲ್ಲಿ ಬೆಳೆದ ಕ್ರಮದಲ್ಲಿ ಮೊದಲು ಅಡಿಮರವನ್ನಿಟ್ಟು, ಅದರ ಮೇಲೆ ಪಕ್ಕೆಲುಬುಗಳಂತೆ ಬಾಗಿದ ತೊಲೆಗಳನ್ನು ನಿಲ್ಲಿಸಿ, ಆ ಹಂದರಕ್ಕೆ ಹೊರಗಿನಿಂದ ಹಲಗೆಗಳನ್ನು ಹೊಂದಿಸಿ ಮೊಳೆ ಹೊಡೆಯುತ್ತಾರೆ. ಅಲ್ಲಿ ಹಡಗಿನ ಬಲವೆಲ್ಲ ಹಂದರದಲ್ಲಿದೆ. ಹಿಂದೂ ಮಹಾಸಾಗರದ ದಡಗಳಲ್ಲಿ ಬೆಳೆದ ಕ್ರಮವು ಇದಕ್ಕೆ ತಿರುಗುಮುರುಗಾದುದು. ಇಲ್ಲಿ ಅಡಿಮರದಿಂದ ಆರಂಭಿಸಿ ಹಲಗೆಯ ಅಂಚಿಗೆ ಹಲಗೆಯ ಅಂಚನ್ನು ಸೇರಿಸಿ ಹೊಲಿಯುತ್ತ ಮೇಲೇರುತ್ತಾರೆ. ಹೊರಮೈಯು ರೂಪುಗೊಂಡ ಮೇಲೆ ಒಳಗಿನ ತೊಲೆಗಳನ್ನು ಅದಕ್ಕೆ ತಕ್ಕಂತೆ ಕೆತ್ತಿ ಕೂಡಿಸುತ್ತಾರೆ. ಚಿಪ್ಪು ಮೊದಲು, ಎಲುಬು ಆಮೇಲೆ ಎಂದು ಇದನ್ನು ಸಂಗ್ರಹವಾಗಿ ಹೇಳಬಹುದು.

ಹೊಲಿಗೆಯ ವಿಧಾನವು ಕೇಳಲು ಸರಳ, ಮಾಡಲು ಕಠಿಣ. ಹಲಗೆಗಳ ಅಂಚಿನುದ್ದಕ್ಕೂ ಎದುರುಬದುರಾಗಿ ರಂಧ್ರಗಳನ್ನು ಕೊರೆಯಲಾಗುತ್ತದೆ. ಎರಡು ಹಲಗೆಗಳು ಕೂಡುವ ಗೆರೆಯ ಮೇಲೆ ತೆಂಗಿನ ನಾರನ್ನು ಸುರುಳಿಯಾಗಿ ಇಟ್ಟು, ಅದರ ಮೇಲಿಂದ ಕತ್ತದ ಹಗ್ಗವನ್ನು ರಂಧ್ರದಿಂದ ರಂಧ್ರಕ್ಕೆ ಹಾಯಿಸಿ, ಸನ್ನೆಕೋಲಿನಿಂದ ಬಿಗಿದು, ಸಡಿಲವಾಗದಂತೆ ತಡೆದು, ಮುಂದಿನ ಹೊಲಿಗೆಗೆ ಹೋಗುತ್ತಾರೆ. ಬಳಿಕ ರಂಧ್ರಗಳಿಗೆ ನಾರನ್ನೂ ರಾಳವನ್ನೂ ತುಂಬುತ್ತಾರೆ. ಹೊರಮೈಗೆ ಮೀನೆಣ್ಣೆಯನ್ನು ಸವರುವುದು ಈ ಸಂಪ್ರದಾಯದ ಉದ್ದಕ್ಕೂ ಇರುವ ರೂಢಿ. ಹಡಗು ನೀರಿಗಿಳಿದ ಮೇಲೆ ಹಲಗೆಗಳೂ ನಾರೂ ನೀರು ಕುಡಿದು ಉಬ್ಬುತ್ತವೆ. ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹಾಗಿದ್ದರೂ ಸ್ವಲ್ಪ ನೀರು ಒಳಗೆ ಜಿನುಗುತ್ತಲೇ ಇರುವುದರಿಂದ ಅದನ್ನು ಎತ್ತಿ ಹೊರಚೆಲ್ಲುವುದು ನಾವಿಕರ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು.

ಕಬ್ಬಿಣವನ್ನು ಅರಿತಿದ್ದ ಜನರು ಮೊಳೆಯನ್ನು ಬಿಟ್ಟು ಹಗ್ಗವನ್ನು ಏಕೆ ಆರಿಸಿಕೊಂಡರು ಎಂಬ ಪ್ರಶ್ನೆ ಏಳುವುದು ಸಹಜ. ಧಾರಾನಗರಿಯ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಎಂಬ ಸಂಸ್ಕೃತ ಗ್ರಂಥವು ಸಮುದ್ರಯಾನದ ಹಡಗಿಗೆ ಕಬ್ಬಿಣ ಬಳಸಬಾರದು, ಕಡಲಿನಲ್ಲಿರುವ ಅಯಸ್ಕಾಂತದ ಬಂಡೆಗಳು ಅದನ್ನು ಸೆಳೆದುಕೊಳ್ಳುತ್ತವೆ ಎಂದು ಎಚ್ಚರಿಸುತ್ತದೆ. ಇಂಥದೇ ನಂಬಿಕೆ ಬೇರೆ ನಾಡುಗಳಲ್ಲಿಯೂ ಇತ್ತು. ನಿಜವಾದ ಕಾರಣಗಳು ಅನುಭವದಿಂದ ಬಂದವು. ಉಪ್ಪುನೀರಿನಲ್ಲಿ ಕಬ್ಬಿಣವು ತುಕ್ಕು ಹಿಡಿದು ತನ್ನ ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಹೊಲಿದ ಹಡಗು ಮರಳದಿಣ್ಣೆಗೆ ತಾಗಿದಾಗ ಬಿರಿಯದೆ ಸ್ವಲ್ಪ ಬಾಗಿ ಏಟನ್ನು ತಾಳಿಕೊಳ್ಳುತ್ತದೆ. ಕೋರಮಂಡಲದ ದಡದಲ್ಲಿ ಅಬ್ಬರದ ಅಲೆಗಳ ನಡುವೆ ಜನರನ್ನೂ ಸರಕನ್ನೂ ಇಳಿಸುತ್ತಿದ್ದ ಮಸೂಲಾ ದೋಣಿಗಳು ಹೊಲಿದವೇ ಆಗಿದ್ದುದು ಈ ಗುಣಕ್ಕಾಗಿ. ಜೊತೆಗೆ, ಹಾಳಾದ ಹಲಗೆಯನ್ನು ಹೊಲಿಗೆ ಬಿಚ್ಚಿ ತೆಗೆದು ಬೇರೆ ಹಲಗೆಯನ್ನು ಕೂಡಿಸುವುದೂ ಸುಲಭ.

ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ಗ್ರಂಥವಾದ ‘ಪೆರಿಪ್ಲಸ್’ ಇಂತಹ ದೋಣಿಗಳನ್ನು ಹೆಸರಿಸುತ್ತದೆ. ಹದಿಮೂರನೆಯ ಶತಮಾನದ ಮಾರ್ಕೊ ಪೋಲೊ ಹಾರ್ಮುಜಿನ ಹೊಲಿದ ಹಡಗುಗಳನ್ನು ಕಂಡು, ಇವು ಅಪಾಯಕರವೆಂದು ಬರೆದನು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತನು ಇದಕ್ಕೆ ವ್ಯತಿರಿಕ್ತವಾಗಿ ಈ ಹೊಲಿಗೆಯ ಪ್ರಯೋಜನವನ್ನು ಹೇಳಿದನು. ಪೋರ್ಚುಗೀಸರು ಬಂದ ಮೇಲೆ ಅವರ ಫಿರಂಗಿಗಳ ಭಾರವನ್ನೂ ಕಂಪನವನ್ನೂ ತಾಳುವ, ಮೊಳೆ ಹೊಡೆದ ಗಟ್ಟಿಮೈಯ ಹಡಗುಗಳು ಮೇಲುಗೈ ಪಡೆದವು. ಹೊಲಿಗೆಯ ವಿದ್ಯೆಯು ಕ್ರಮೇಣ ಸಣ್ಣ ಮೀನುಗಾರಿಕೆಯ ದೋಣಿಗಳಿಗೆ ಇಳಿಯಿತು.

ಮೊದಲ ತೊಡಕು: ನಕ್ಷೆಯೇ ಇಲ್ಲ

ಈ ಹಡಗನ್ನು ಮತ್ತೆ ಕಟ್ಟಬೇಕೆಂಬ ಪ್ರಸ್ತಾಪವನ್ನು ಮುಂದಿಟ್ಟವರು ಅರ್ಥಶಾಸ್ತ್ರಜ್ಞರೂ ಇತಿಹಾಸ ಲೇಖಕರೂ ಆದ ಸಂಜೀವ್ ಸಾನ್ಯಾಲ್ ಅವರು. 2023ರ ಜುಲೈಯಲ್ಲಿ ಕೇಂದ್ರ ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವೆಯ ಹೋಡಿ ಇನ್ನೊವೇಶನ್ಸ್ ಎಂಬ ದೋಣಿ ಕಟ್ಟುವ ಸಂಸ್ಥೆ ಈ ಮೂವರ ನಡುವೆ ಒಪ್ಪಂದವಾಯಿತು. ಹಣವನ್ನು ಸಚಿವಾಲಯವು ಒದಗಿಸಿತು. ‘ಹೋಡಿ’ ಎಂದರೆ ಕೊಂಕಣಿಯಲ್ಲಿ ದೋಣಿ. ಕನ್ನಡದ ‘ಓಡ’ವನ್ನು ಅದು ನೆನಪಿಗೆ ತರುತ್ತದೆ. ಸಂಸ್ಥೆಯ ಒಡೆಯರಾದ ರತ್ನಾಕರ ದಾಂಡೇಕರ ಅವರು ಇದಕ್ಕೆ ಹಿಂದೆ ‘ಮ್ಹಾದೇಯಿ’ ಎಂಬ ಹಾಯಿದೋಣಿಯನ್ನು ಕಟ್ಟಿದ್ದರು. 2009–10ರಲ್ಲಿ ದಿಲೀಪ್ ದೋಂದೆಯವರು ಒಬ್ಬರೇ ಭೂಪ್ರದಕ್ಷಿಣೆ ಮಾಡಿದುದು ಆ ದೋಣಿಯಲ್ಲಿ. 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ಯಲ್ಲಿ ಅದೇ ಸಾಹಸವನ್ನು ಮಾಡಿದರು. ಆದರೆ ಅವು ಇಂದಿನ ನಕ್ಷೆ, ಇಂದಿನ ವಸ್ತು, ಇಂದಿನ ಹಾಯಿಗಳಿಂದ ಸಿದ್ಧವಾದವು. ‘ಕೌಂಡಿನ್ಯ’ದ ವಿಷಯದಲ್ಲಿ ಆ ಅನುಕೂಲವಿರಲಿಲ್ಲ.

ಐದನೆಯ ಶತಮಾನದ ಭಾರತೀಯ ಹಡಗಿನ ನಕ್ಷೆ ಒಂದೂ ಉಳಿದಿಲ್ಲ. ಉಳಿದಿರುವುದು ಅಜಂತೆಯ ಎರಡನೆಯ ಗುಹೆಯ ಒಂದು ಚಿತ್ರ. ಪೂರ್ಣನೆಂಬ ವರ್ತಕನ ಕಥೆಗೆ ಸಂಬಂಧಿಸಿದ ಆ ಚಿತ್ರದಲ್ಲಿ ಎತ್ತರವಾದ ಹಾಯಿಗಳು, ಹಿಂಬದಿಯ ಪಕ್ಕಗಳಲ್ಲಿ ಚುಕ್ಕಾಣಿಯ ಹುಟ್ಟುಗಳು, ಮುಂತುದಿಯಲ್ಲಿ ಬರೆದ ಕಣ್ಣು, ಸಾಲಾಗಿಟ್ಟ ಮಡಕೆಗಳು ಕಾಣುತ್ತವೆ. ಚಿತ್ರಕಾರನು ಕಥೆ ಹೇಳಲು ಬರೆದನೇ ಹೊರತು ಹಡಗು ಕಟ್ಟುವವರಿಗೆ ಅಳತೆ ಕೊಡಲು ಬರೆಯಲಿಲ್ಲ. ಅದರಲ್ಲಿ ಮನುಷ್ಯರ ಗಾತ್ರಕ್ಕೂ ಹಡಗಿನ ಗಾತ್ರಕ್ಕೂ ಹೊಂದಿಕೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನೀರಿನೊಳಗೆ ಮುಳುಗಿರುವ ಭಾಗವು ಚಿತ್ರದಲ್ಲಿ ಕಾಣುವುದೇ ಇಲ್ಲ. ಹಡಗು ತೇಲುವುದೂ ಮಗುಚುವುದೂ ಆ ಭಾಗದ ಆಕಾರವನ್ನು ಅವಲಂಬಿಸಿದೆ.

ಶರಾವತಿಯ ಹಿನ್ನೀರಿನ ಲಾಂಚುಗಳನ್ನು ಬಲ್ಲವರಿಗೆ ಈ ಮಾತಿನ ಅರ್ಥ ಬೇಗ ಹೊಳೆಯುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಬಳಿಕ ದ್ವೀಪದಂತಾದ ತುಮರಿಯ ಕಡೆಯ ಜನರಿಗೆ ಅಂಬಾರಗೋಡ್ಲು–ಕಳಸವಳ್ಳಿಯ ನಡುವಿನ ಲಾಂಚೇ ದಾರಿಯಾಗಿತ್ತು. ಬೇಸಿಗೆಯಲ್ಲಿ ನೀರಿಳಿದಾಗ ಲಾಂಚು ವಾಹನಗಳನ್ನು ಹೊರಲಾಗದೆ ನಿಲ್ಲಬೇಕಾಗುತ್ತಿತ್ತು. 2025ರ ಜುಲೈ 14ರಂದು ಸೇತುವೆ ತೆರೆಯುವ ತನಕ ಆ ಜನರು ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ತೇಲುವ ವಸ್ತುವಿನ ಮೇಲೆ ಭಾರ ಹೆಚ್ಚಿದಂತೆ ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ, ಇಳಿದಾಗ ಹೇಗೆ ನಿಲ್ಲುತ್ತದೆ, ಒಂದು ಮಗ್ಗುಲಿಗೆ ವಾಲಿದರೆ ತಾನಾಗಿ ನೆಟ್ಟಗಾಗುತ್ತದೆಯೇ ಎಂಬುದನ್ನೆಲ್ಲ ಹಲಗೆಯೊಂದನ್ನು ಕತ್ತರಿಸುವ ಮೊದಲೇ ನಿರ್ಧರಿಸಬೇಕು.

ನೌಕಾಪಡೆಯ ತಜ್ಞರೂ ಕಟ್ಟುವವರೂ ಕೂಡಿ ಚಿತ್ರದಿಂದ ಆಕಾರವನ್ನು ಊಹಿಸಿ ನಕ್ಷೆಯನ್ನು ಸಿದ್ಧಪಡಿಸಿದರು. ಆ ಊಹೆಯು ಸರಿಯೋ ತಪ್ಪೋ ಎಂಬುದನ್ನು ಮದರಾಸಿನ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿಯನ್ನು ನೀರಿನಲ್ಲಿ ಓಡಿಸಿ ಪರೀಕ್ಷಿಸಲಾಯಿತು. ಇಲ್ಲಿ ಇನ್ನೊಂದು ತೊಡಕಿತ್ತು. ಇಂದಿನ ಹಡಗುಗಳ ಲೆಕ್ಕಾಚಾರವೆಲ್ಲ ಅವುಗಳ ಮೈ ಬಾಗುವುದಿಲ್ಲವೆಂಬ ನೆಲೆಯ ಮೇಲೆ ನಿಂತಿದೆ. ಹೊಲಿದ ಹಡಗಿನ ಗುಣವೇ ಬಾಗುವುದು. ಲೋಹದ ಹಡಗಿಗೆ ಬರೆದ ನಿಯಮಗಳನ್ನು ಇದಕ್ಕೆ ಹಾಗೆಯೇ ಹೊಂದಿಸಲು ಬರುವುದಿಲ್ಲ. ನಿಯಮವೇ ಬೇಡವೆಂದರೆ ಅದರ ಮೇಲೆ ಏರುವವರ ಪ್ರಾಣಕ್ಕೆ ಹೊಣೆ ಯಾರು? ಪುರಾತನ ರೂಪಕ್ಕೆ ನಿಷ್ಠೆ ಒಂದು ಕಡೆ, ನಾವಿಕರ ಸುರಕ್ಷತೆ ಮತ್ತೊಂದು ಕಡೆ. ಇವೆರಡನ್ನೂ ತೂಗಿಸುವುದೇ ಇಡೀ ಕಾರ್ಯದ ತಿರುಳಾಗಿತ್ತು.

ಎರಡನೆಯ ತೊಡಕು: ಬಲ್ಲ ಕೈಗಳು ಕೆಲವೇ

2023ರ ಸೆಪ್ಟೆಂಬರ್ 12ರಂದು ಗೋವೆಯಲ್ಲಿ ಅಡಿಮರವನ್ನಿಟ್ಟು ಕೆಲಸವನ್ನು ಆರಂಭಿಸಲಾಯಿತು. ಹೊಲಿಗೆಯ ಹೊಣೆಯನ್ನು ಹೊತ್ತವರು ಕೇರಳದ ಬಾಬು ಶಂಕರನ್ ಎಂಬ ಹಿರಿಯ ಹಡಗುಬಡಗಿ ಮತ್ತು ಅವರ ತಂಡದವರು. ದೊಡ್ಡ ಹಡಗನ್ನು ಹೊಲಿಯಬಲ್ಲವರು ಇಂದು ಬಹಳ ವಿರಳ. ಇರುವವರಲ್ಲಿ ಕೆಲವರ ಅನುಭವವು ಹೊರನಾಡುಗಳಲ್ಲಿ ನಡೆದ ಇಂತಹ ಪ್ರಯೋಗಗಳಿಂದಲೇ ಬೆಳೆಯಿತೆಂಬುದು ಗಮನಾರ್ಹ.

1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿಯು ಒಮಾನಿನ ಸೂರ್ ಪಟ್ಟಣದಲ್ಲಿ ‘ಸೊಹಾರ್’ ಎಂಬ ಹೊಲಿದ ಹಡಗನ್ನು ಕಟ್ಟಿಸಿ, ಅದೇ ವರ್ಷದ ನವೆಂಬರಿನಲ್ಲಿ ಮಸ್ಕತ್ತಿನಿಂದ ಹೊರಟು ಮರುವರ್ಷ ಚೀನದ ಕ್ಯಾಂಟನ್ನನ್ನು ಮುಟ್ಟಿದನು. ಅದರ ಮರ ಹೋದದ್ದು ಕೇರಳದಿಂದ, ಹೊಲಿದವರು ಲಕ್ಷದ್ವೀಪದವರು. ಹಗ್ಗದ ಆಯ್ಕೆಯೇ ಅಲ್ಲಿ ದೊಡ್ಡ ಸಮಸ್ಯೆಯಾಗಿತ್ತು. ಯಂತ್ರದಲ್ಲಿ ಹೊಸೆದ ಹಗ್ಗವು ಈ ಕೆಲಸಕ್ಕೆ ಒದಗುವುದಿಲ್ಲವೆಂದೂ ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ನಾರನ್ನು ಕೈಯಿಂದಲೇ ಹೊಸೆಯಬೇಕೆಂದೂ ಕಂಡುಬಂತು. 2010ರಲ್ಲಿ ಒಮಾನಿನಿಂದ ಸಿಂಗಪುರಕ್ಕೆ ಯಾನ ಮಾಡಿದ ‘ಜ್ಯುವೆಲ್ ಆಫ್ ಮಸ್ಕತ್’ ಎಂಬುದು, 1998ರಲ್ಲಿ ಇಂಡೊನೇಷ್ಯದ ಬೆಲಿತುಂಗ್ ದ್ವೀಪದ ಬಳಿ ದೊರೆತ ಒಂಬತ್ತನೆಯ ಶತಮಾನದ ಹಡಗಿನ ಅವಶೇಷವನ್ನು ಅನುಸರಿಸಿ ಕಟ್ಟಿದ್ದು. ಅದರಲ್ಲಿಯೂ ದುಡಿದವರು ಕೇರಳದ ಕುಶಲಕರ್ಮಿಗಳು. ಬಾಬು ಶಂಕರನ್ ಅವರೂ ಆ ಕೆಲಸದಲ್ಲಿದ್ದರು. ಈ ವಿದ್ಯೆಯು ಅನ್ಯದೇಶದ ಹಣದಿಂದ ಉಳಿದುಬಂದು, ಬಳಿಕ ಸ್ವದೇಶಕ್ಕೆ ಒದಗಿತು.

ಕರಾವಳಿಯ ಹಡಗುಬಡಗಿಗಳಿಗೆ ಮರವೊದಗಿಸಿದ್ದು ಪಶ್ಚಿಮ ಘಟ್ಟದ ಕಾಡು. ಮೈಗೆ ತೇಗ ಮತ್ತು ಹೆಬ್ಬಲಸು, ಕೂವೆಮರಕ್ಕೆ ನೇರವಾಗಿ ಎತ್ತರಕ್ಕೆ ಬೆಳೆಯುವ ಹೊನ್ನೆಯ ಜಾತಿಯ ಮರ, ಸಂದುಗಳಿಗೆ ಧೂಪದ ಮರದ ರಾಳ ಇವೆಲ್ಲ ಮಲೆನಾಡಿನವರು ದಿನವೂ ಕಾಣುವ ಮರಗಳೇ. 1763ರಲ್ಲಿ ಬಿದನೂರನ್ನು ಹಿಡಿದ ಬಳಿಕ ಹೈದರಾಲಿಯು ಕರಾವಳಿಯಲ್ಲಿ ನೌಕಾಬಲವನ್ನು ಕಟ್ಟಹೊರಟುದಕ್ಕೆ ಬಂದರುಗಳ ಜೊತೆಗೆ ಈ ಕಾಡುಗಳೂ ಕೈಗೆ ಬಂದುದು ಒಂದು ಕಾರಣವೆನ್ನಬಹುದು.

ಹಲಗೆಗಳನ್ನು ಹಡಗಿನ ಮೈಯ ಬಾಗಿಗೆ ತರಲು ಆವಿಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಬಗ್ಗಿಸಿ ಹಿಡಿಯಬೇಕು. ಆರಿದರೆ ಮಣಿಯುವುದಿಲ್ಲ, ಅವಸರಿಸಿದರೆ ಸೀಳುತ್ತದೆ. ಒಂದು ಹಲಗೆ ಸರಿಯಾಗಿ ಕೂಡದಿದ್ದರೆ ಅದರ ಮೇಲಿನದೂ ಕೂಡುವುದಿಲ್ಲ. ಕೆಳಗಿನ ಸಾಲಿನ ತಪ್ಪನ್ನು ಮೇಲಿನ ಸಾಲಿನಲ್ಲಿ ತಿದ್ದಲು ಬಾರದು. ಬಿಚ್ಚಿ ಮೊದಲಿನಿಂದ ಹೊಲಿಯಬೇಕು. ಹೀಗೆ ಸುಮಾರು ಹದಿನೇಳು ತಿಂಗಳ ದುಡಿಮೆಯ ಬಳಿಕ 2025ರ ಫೆಬ್ರವರಿಯಲ್ಲಿ ಹಡಗು ಗೋವೆಯಲ್ಲಿ ನೀರಿಗಿಳಿಯಿತು. ಅದರ ಉದ್ದ ಸುಮಾರು 20 ಮೀಟರು, ಅಗಲ ಸುಮಾರು ಆರೂವರೆ ಮೀಟರು.

ಮೂರನೆಯ ತೊಡಕು: ನಡೆಸುವ ವಿದ್ಯೆ

ಹಡಗು ಸಿದ್ಧವಾದರೂ ಅದನ್ನು ನಡೆಸುವುದನ್ನು ಕಲಿಸುವ ಗುರುಗಳಿರಲಿಲ್ಲ. ಇಂದಿನ ಹಾಯಿದೋಣಿಯ ತ್ರಿಕೋನಾಕಾರದ ಹಾಯಿಯು ಎದುರುಗಾಳಿಯಲ್ಲಿಯೂ ಓರೆಯಾಗಿ ಮುನ್ನಡೆಯಬಲ್ಲುದು. ಚೌಕಹಾಯಿಯು ಹಿಂದಿನಿಂದ ಬರುವ ಗಾಳಿಯನ್ನು ಚೆನ್ನಾಗಿ ಹಿಡಿಯುತ್ತದೆ, ಮಗ್ಗುಲಿನ ಗಾಳಿಯಲ್ಲಿ ಕಷ್ಟಪಡುತ್ತದೆ, ಎದುರುಗಾಳಿಯಲ್ಲಿ ನಿರುಪಯುಕ್ತವಾಗುತ್ತದೆ. ಚುಕ್ಕಾಣಿಯೂ ನಡುವಿನಲ್ಲಿಲ್ಲ, ಹಿಂಬದಿಯ ಪಕ್ಕಗಳಲ್ಲಿ ಕಟ್ಟಿದ ದೊಡ್ಡ ಹುಟ್ಟುಗಳೇ ದಿಕ್ಕು ತಿರುಗಿಸುವ ಸಾಧನ. ಎಂಜಿನ್ ಇಲ್ಲ. ಮಲಗಲು ಕೋಣೆಗಳೂ ಇಲ್ಲ. ನೌಕಾಪಡೆಯ ನಾವಿಕರು ತಮಗೆ ತಿಳಿದುದನ್ನು ಬದಿಗಿಟ್ಟು ಹೊಸದಾಗಿ ಕಲಿಯಬೇಕಾಯಿತು.

ಪ್ರಾಚೀನರು ಈ ಮಿತಿಯನ್ನು ಋತುಮಾನದ ಅರಿವಿನಿಂದ ದಾಟಿದರು. ಮಳೆಗಾಲದಲ್ಲಿ ಗಾಳಿಯು ನೈಋತ್ಯದಿಂದ ಬೀಸಿದರೆ ಚಳಿಗಾಲದಲ್ಲಿ ಈಶಾನ್ಯದಿಂದ ಬೀಸುತ್ತದೆ. ಹೋಗಲು ಒಂದು ಕಾಲ, ಬರಲು ಒಂದು ಕಾಲ. ‘ಕೌಂಡಿನ್ಯ’ವೂ ಇದೇ ಕ್ರಮವನ್ನು ಅನುಸರಿಸಿ ಚಳಿಗಾಲದಲ್ಲಿ, 2025ರ ಡಿಸೆಂಬರ್ 29ರಂದು, ಗುಜರಾತಿನ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಪಶ್ಚಿಮಕ್ಕೆ ಮುಖಮಾಡಿದ ಹಡಗಿಗೆ ಈಶಾನ್ಯದ ಗಾಳಿಯು ಬಲಗಡೆಯ ಹಿಂಬದಿಯಿಂದ ಒದಗುತ್ತದೆ. ನೌಕಾಪಡೆಯ ನಾಲ್ವರು ಅಧಿಕಾರಿಗಳೂ ಹದಿಮೂರು ಮಂದಿ ನಾವಿಕರೂ ಅದರಲ್ಲಿದ್ದರು. ಕಮಾಂಡರ್ ವಿಕಾಸ್ ಶೆವರಾನ್ ಅವರು ಹಡಗಿನ ನಾಯಕರಾಗಿದ್ದರು. ಕಲ್ಪನೆಯ ಕಾಲದಿಂದಲೂ ಯೋಜನೆಯೊಡನಿದ್ದ ಕಮಾಂಡರ್ ವೈ. ಹೇಮಂತ್ ಕುಮಾರ್ ಅವರೂ ಸಾನ್ಯಾಲರೂ ಜೊತೆಗಿದ್ದರು. ಸಾವಿರ ಕಿಲೋಮೀಟರಿಗೂ ಮಿಗಿಲಾದ ಆ ದಾರಿಯನ್ನು ಗಾಳಿಯ ಬಲದಿಂದಲೇ ಕ್ರಮಿಸಿ, ಹದಿನೇಳನೆಯ ದಿನ, 2026ರ ಜನವರಿ 14ರಂದು, ಹಡಗು ಮಸ್ಕತ್ತನ್ನು ಮುಟ್ಟಿತು. ಗೋಡೆಯ ಚಿತ್ರದಿಂದ ಮಾಡಿದ ಊಹೆಗೆ ಕಡಲೇ ಸಾಕ್ಷಿ ನುಡಿದಂತಾಯಿತು.

ಹೆಸರೂ ಲಾಂಛನವೂ

ಕೌಂಡಿನ್ಯನು ಕಡಲು ದಾಟಿ ಆಗ್ನೇಯ ಏಷ್ಯಕ್ಕೆ ಹೋಗಿ, ಸೋಮಾ ಎಂಬ ಅಲ್ಲಿಯ ರಾಜಕುಮಾರಿಯನ್ನು ವರಿಸಿ, ಈಗಿನ ಕಾಂಬೋಡಿಯದ ಪ್ರದೇಶದಲ್ಲಿ ರಾಜವಂಶವನ್ನು ಸ್ಥಾಪಿಸಿದನೆಂಬುದು ಐತಿಹ್ಯ. ಚೀನೀಯರ ಬರಹಗಳಲ್ಲಿಯೂ ವಿಯೆಟ್ನಾಮಿನ ಮಿಸೊನ್ ಎಂಬಲ್ಲಿಯ ಏಳನೆಯ ಶತಮಾನದ ಸಂಸ್ಕೃತ ಶಾಸನದಲ್ಲಿಯೂ ಈ ಕಥೆಯಿದೆ.

ಹಡಗಿನ ಹಾಯಿಗಳ ಮೇಲೆ ಸೂರ್ಯನೊಡನೆ ಗಂಡಭೇರುಂಡವಿದೆ. ಮುಂತುದಿಯಲ್ಲಿ ಕೆತ್ತಿದ ಸಿಂಹಯಾಳಿಯಿದೆ. ಮೇಲುಗಟ್ಟಿನಲ್ಲಿ ಹರಪ್ಪದ ಮಾದರಿಯ ಕಲ್ಲಿನ ಲಂಗರು ಇದೆ. ಗಂಡಭೇರುಂಡವನ್ನು ಇಲ್ಲಿ ಕದಂಬರ ನೆನಪಿಗಾಗಿ ಬಳಸಲಾಗಿದೆ. ಬನವಾಸಿಯ ಕದಂಬರು ಅಜಂತೆಯ ಆ ಚಿತ್ರದ ಕಾಲಕ್ಕೆ ಹತ್ತಿರದವರು. ಕಾರವಾರದ ನೌಕಾನೆಲೆಯ ಹೆಸರೂ ‘ಐಎನ್‌ಎಸ್ ಕದಂಬ’ ಎಂಬುದೇ. ಸಾಗರದ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭವಿದೆ. ಕೆಳದಿಯ ದೇವಾಲಯದ ಚಾವಣಿಯಲ್ಲಿಯೂ ಗಂಡಭೇರುಂಡವನ್ನು ಕಾಣಬಹುದು. ಶಾಲೆಯ ಮಕ್ಕಳು ಪ್ರವಾಸದಲ್ಲಿ ತಲೆಯೆತ್ತಿ ನೋಡಿ ಬರುವ ಆ ಪಕ್ಷಿಯೇ ಇಂದು ಹಾಯಿಯ ಮೇಲೆ ಕಡಲನ್ನು ದಾಟಿತು. ಒಂದು ಕಾಲಕ್ಕೆ ಕೆಳದಿಯ ನಾಯಕರ ನಾಡಿನ ಅಕ್ಕಿ ಹೋಗುತ್ತಿದ್ದ ಮಸ್ಕತ್ತಿಗೇ ಅದು ಹೋಯಿತೆಂಬುದು ಈ ಸೀಮೆಯವರಿಗೆ ವಿಶೇಷ ಸಂತೋಷದ ಸಂಗತಿ.

ಉಪಸಂಹಾರ

ಇಂತಹ ಹಡಗಿನಿಂದ ಇಂದಿನ ವ್ಯಾಪಾರಕ್ಕಾಗಲಿ ರಕ್ಷಣೆಗಾಗಲಿ ನೇರವಾದ ಪ್ರಯೋಜನವಿಲ್ಲವೆಂದು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಬಾಬು ಶಂಕರನ್ ಅವರಂತಹವರ ವಿದ್ಯೆಯು ಗ್ರಂಥದಲ್ಲಿಲ್ಲ, ಕೈಯಲ್ಲಿದೆ. ಹಗ್ಗವನ್ನು ಎಷ್ಟು ಬಿಗಿಯಬೇಕು, ಹಲಗೆ ಯಾವ ಕ್ಷಣದಲ್ಲಿ ಮಣಿಯುತ್ತದೆ ಎಂಬುದನ್ನು ಬರೆದಿಟ್ಟು ಕಲಿಸಲಾಗದು. ಪಕ್ಕದಲ್ಲಿ ಕುಳಿತು ಕೆಲಸ ಮಾಡಿ ಕಲಿಯಬೇಕು. ಕಲಿಯುವವರಿಗೆ ಕೆಲಸ ಸಿಗದಿದ್ದರೆ ಸಾವಿರಾರು ವರ್ಷಗಳಿಂದ ಬಂದ ವಿದ್ಯೆಯು ಒಂದೇ ತಲೆಮಾರಿನಲ್ಲಿ ಮುಗಿಯುತ್ತದೆ. ಆಮೇಲೆ ಎಷ್ಟು ಹಣವಿದ್ದರೂ ಅದನ್ನು ಮತ್ತೆ ತರಲಾಗದು. ‘ಕೌಂಡಿನ್ಯ’ವನ್ನು ಕಟ್ಟುವುದು ಇನ್ನೊಂದು ತಲೆಮಾರು ತಡವಾಗಿದ್ದರೆ, ಚಿತ್ರವಿರುತ್ತಿತ್ತು, ಮರವಿರುತ್ತಿತ್ತು, ಹೊಲಿಯುವವರು ಇರುತ್ತಿದ್ದರೋ ಇಲ್ಲವೋ.

ಈ ಮಾತು ಕಡಲಿನ ವಿದ್ಯೆಗೆ ಮಾತ್ರ ಅನ್ವಯಿಸುವುದಿಲ್ಲ. ಸಾಗರ, ಸೊರಬಗಳ ಗುಡಿಗಾರರ ಶ್ರೀಗಂಧದ ಕೆತ್ತನೆ, ಹಳ್ಳಿಗಳ ಬಡಗಿ ಕಮ್ಮಾರರ ಕೆಲಸ, ಬೆತ್ತ ಬಿದಿರುಗಳ ಹೆಣಿಗೆ ಇವೆಲ್ಲವೂ ಹೀಗೆಯೇ ಕೈಯಿಂದ ಕೈಗೆ ಬಂದವು. ಶಾಲೆಯು ಅಕ್ಷರವನ್ನು ಕಲಿಸುವುದರೊಡನೆ ಊರಿನ ಕುಶಲಕರ್ಮಿಗಳನ್ನು ವರ್ಷಕ್ಕೆ ಕೆಲವು ದಿನಗಳಾದರೂ ಕರೆತಂದು ಮಕ್ಕಳ ಮುಂದೆ ಕೂರಿಸಿದರೆ, ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಅದಕ್ಕೆ ನೆರವಾದರೆ, ಕೆಲವು ಮಕ್ಕಳಾದರೂ ಆ ಕೆಲಸವನ್ನು ಕಣ್ಣಾರೆ ಕಂಡು ಕೈಯಾರೆ ಮಾಡಿ ಬೆಳೆದಾರು. ‘ಕೌಂಡಿನ್ಯ’ವು ಕಾರವಾರವನ್ನು ತನ್ನ ನೆಲೆಯಾಗಿ ಪಡೆದಿದೆ. ಶರಾವತಿಯ ಹರಿವನ್ನು ಅನುಸರಿಸಿ ಘಟ್ಟವಿಳಿದು ಕಡಲ ತೀರಕ್ಕೆ ಪ್ರವಾಸ ಹೋಗುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಈ ಹಡಗಿನ ಕಥೆಯನ್ನು ಹೇಳುವುದು ಉಚಿತ.